ಐದನೇ ಪ್ರಶ್ನೆ ಕಾಕನದು

ಐವತ್ತೆರಡು ನಿಮಿಷದ ಸಿನಿಮಾವನ್ನು ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ತೋರಿಸುವುದು ಹೇಗೆಂದು ನನಗೆ ಬಿ.ಎಡ್. ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಲೆಕ್ಕ ಹಾಕಿದರೆ ನಲವತ್ತೂ ಇರುವುದಿಲ್ಲ. ಮಕ್ಕಳು ಮೂರನೇ ಮಹಡಿಯಿಂದ ಇಳಿದು ಬರಲು ಐದು ನಿಮಿಷ, ಶೂ ಬಿಚ್ಚಿಡಲು ನಾಲ್ಕು, ಹಾಜರಿಗೆ ಮೂರು, ಪ್ರೊಜೆಕ್ಟರಿನ ಬಲ್ಬು ಬಿಸಿಯಾಗಿ ಚಿತ್ರ ತಿಳಿಯಾಗಲು ಎರಡು. ಉಳಿದದ್ದರಲ್ಲಿ ಅರ್ಧ ಸಿನಿಮಾಕ್ಕೆ, ಅರ್ಧ ಪಾಠಕ್ಕೆ. ಹಾಗಾಗಿ ಸಿನಿಮಾವನ್ನು ನಾಲ್ಕು ತುಂಡು ಮಾಡಿದೆ. ಪ್ರತಿ ತುಂಡೂ ಹದಿಮೂರು ನಿಮಿಷ. ಪ್ರತಿ ತುಂಡಿನಲ್ಲಿ ಎರಡು ಕಡೆ ನಿಲ್ಲಿಸಬೇಕು. ನಿಲ್ಲಿಸುವ ನಿಮಿಷ, ಸೆಕೆಂಡು ಬರೆದ ಚೀಟಿಯನ್ನು ಪ್ರೊಜೆಕ್ಟರಿನ ಟ್ರಾಲಿಗೆ ಅಂಟಿಸಿದೆ.

ದೋಹಾದ ನಮ್ಮ ಭಾರತೀಯ ಶಾಲೆಯಲ್ಲಿ ಒಂಬತ್ತನೇ ತರಗತಿಯ ಸಮಾಜ ಪಾಠಕ್ಕೆ ವಲಸೆ ಎಂಬ ಘಟಕ. ಪುಸ್ತಕದಲ್ಲಿ ಎರಡು ಪುಟ, ಒಂದು ಗ್ರಾಫು, ಮೂಟೆ ಹೊತ್ತ ಮನುಷ್ಯನ ಒಂದು ಫೋಟೋ. ಉದಾಹರಣೆಗೆ ಚೀನಾ ಕೊಟ್ಟಿದ್ದರು. ನಮ್ಮ ಸೂಪರ್‌ವೈಸರ್ ಮೇಡಂ ಬೆಂಗಳೂರಿನವರು. ‘ವಿಷುವಲ್ ಆಗಿ ಏನಾದ್ರೂ ಮಾಡಿ, ಫೈಲಿಗೆ ಬೇಕು. ಹೇಗೂ ನೀವು ಆಕ್ಟರ್ ಅಲ್ವಾ’ ಎಂದರು. ಅದು ಹೊಗಳಿಕೆಯಲ್ಲ. ಹಿಂದಿನ ವಾರ ಸ್ಟಾಫ್ ರೂಮಿನಲ್ಲಿ ನಾನು ಅವರ ಹಾಗೆ ಮಾತಾಡುತ್ತಿದ್ದಾಗ ಅವರೇ ಬಾಗಿಲಲ್ಲಿ ನಿಂತಿದ್ದರು.

ನಾನು ಎಲ್ಲರನ್ನೂ ಅನುಕರಿಸುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ಪ್ರಾಂಶುಪಾಲರು ಗಂಟಲು ಸರಿಮಾಡಿಕೊಳ್ಳುವುದು, ಶಾಲೆಯ ಬಸ್ಸಿನ ಚಾಲಕ ಹಿಂದಿಯಲ್ಲಿ ಬೈದು ಅರಬ್ಬಿಯಲ್ಲಿ ದೇವರ ಕ್ಷಮೆ ಕೇಳುವುದು, ನಂಜನಗೂಡಿನಿಂದ ನನ್ನಮ್ಮ ಫೋನಿನಲ್ಲಿ ‘ಹಲೋ’ ಎನ್ನುವ ಬದಲು ನೇರ ‘ಸಣ್ಣಗಾಗಿದೀಯ’ ಎನ್ನುವುದು. ನನ್ನನ್ನೂ ಬಿಟ್ಟಿಲ್ಲ. ತರಗತಿಗೆ ಹೋಗುವಾಗ ಹುಬ್ಬೆತ್ತಿ ‘ಸೋ ಗಯ್ಸ್’ ಎನ್ನುವ ಒಬ್ಬ ಮೇಷ್ಟ್ರಿದ್ದಾನೆ, ಅವನನ್ನು ನಾನು ಮಾಡಿದಷ್ಟು ಚೆನ್ನಾಗಿ ಮಕ್ಕಳೂ ಮಾಡುವುದಿಲ್ಲ.

ಸಿನಿಮಾ ಸಿಕ್ಕಿದ್ದು ಒಳ್ಳೆಯದೇ. ಒಳನಾಡಿನ ಹಳ್ಳಿಯಿಂದ ಅಪ್ಪನೊಬ್ಬ ಕಡಲ ಬದಿಯ ದೊಡ್ಡ ಊರಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಮಗಳು ಹಳ್ಳಿಯಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಚೀನಾದಲ್ಲಿ ಹುಕೋ ಎಂಬ ನೋಂದಣಿ ಉಂಟು. ಹಳ್ಳಿಯವನೆಂದು ನೋಂದಣಿಯಾದವನು ಪಟ್ಟಣದಲ್ಲಿ ಎಷ್ಟು ವರ್ಷ ದುಡಿದರೂ ಅಲ್ಲಿನ ಸರ್ಕಾರಿ ಶಾಲೆಗೆ ಮಕ್ಕಳನ್ನು ಸೇರಿಸುವುದು ಕಷ್ಟ. ಆದ್ದರಿಂದ ಅಪ್ಪ ಅಲ್ಲಿ, ಮಗಳು ಇಲ್ಲಿ. ವರ್ಷಕ್ಕೊಮ್ಮೆ ವಸಂತದ ಹಬ್ಬಕ್ಕೆ ರೈಲು ಹತ್ತಿ ಬರುತ್ತಾನೆ. ಸಿನಿಮಾದಲ್ಲಿ ನಿರೂಪಣೆ ಇಲ್ಲ, ಸಂಗೀತ ಇಲ್ಲ. ಜನ ಮಾತಾಡುತ್ತಾರೆ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ.

ಮೇಡಂ ಮೊದಲೇ ಎಚ್ಚರಿಸಿದ್ದರು: ‘ಚೀನಾ ಚೀನಾದಲ್ಲೇ ಇರ್ಲಿ ಕಣ್ರೀ. ಹೋಲಿಕೆ ಗೀಲಿಕೆ ಮಾಡಿ ಇಲ್ಲಿಗೆ ತರಬೇಡಿ.’

‘ತರಲ್ಲ ಮೇಡಂ’ ಎಂದೆ, ಅವರದೇ ಸ್ವರದಲ್ಲಿ ಹೇಳದಿರಲು ಕಷ್ಟಪಟ್ಟು.

ಪ್ರೊಜೆಕ್ಟರ್ ಕೋಣೆ ಕಾಕನ ಸುಪರ್ದಿ. ಕಾಕ ಬಂಟ್ವಾಳದ ಕಡೆಯ ಬ್ಯಾರಿ. ಐವತ್ತರ ಆಸುಪಾಸು. ಶಾಲೆಗೆ ಬಂದು ಎಷ್ಟು ವರ್ಷವಾಯಿತೆಂದು ಕೇಳಿದರೆ ‘ಈ ಕಾರ್ಪೆಟ್ ಮೂರನೇದು’ ಎನ್ನುತ್ತಾರೆ. ಪರದೆ ಇಳಿಸುವುದು, ಕೇಬಲ್ ಜೋಡಿಸುವುದು, ಬಲ್ಬು ತಣಿಯುವವರೆಗೆ ಕರೆಂಟು ತೆಗೆಯದೆ ಕಾಯುವುದು, ಕೋಣೆ ಗುಡಿಸುವುದು, ಮೀಟಿಂಗ್ ಇದ್ದರೆ ಚಹಾ ತರುವುದು ಅವರ ಕೆಲಸ. ಟ್ರಾಲಿಯ ಪಕ್ಕ ಬಿಳಿ ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ರಿಮೋಟು. ಬಾಗಿಲಲ್ಲಿ ಮಕ್ಕಳನ್ನು ಕಂಡೊಡನೆ ‘ಶೂಸ್ ಔಟ್! ಶೂಸ್ ಔಟ್! ಕಾರ್ಪೆಟ್ ಉಂಟು!’ ಎಂಬ ಕೂಗು. ಅದು ಶಾಲೆಗೆಲ್ಲ ಬಾಯಿಪಾಠ. ಮಲಯಾಳಿ ಮಕ್ಕಳೂ ತಮಿಳು ಮಕ್ಕಳೂ ‘ಉಂಟು’ ಎಂಬ ಒಂದು ಕನ್ನಡ ಪದ ಕಲಿತದ್ದು ಅಲ್ಲಿಂದಲೇ.

ಮೊದಲ ದಿನ ‘ಎ’ ವಿಭಾಗ. ಸಿನಿಮಾ ಶುರುವಾಗಿ ಅಜ್ಜಿ ಎರಡು ಮಾತಾಡಿದ್ದೇ ತಡ, ಹಿಂದಿನ ಸಾಲಿನಿಂದ ಚಿಂಗ್ ಚಾಂಗ್ ಎಂದು ಒಬ್ಬ, ಅವನ ಹಿಂದೆ ಹತ್ತು ಮಂದಿ. ನಾನು ಗದರಿಸಬೇಕಿತ್ತು. ಗದರಿಸುವ ಮೊದಲು ನನ್ನ ಬಾಯಿಯಿಂದಲೂ ಒಂದು ಹೊರಬಿತ್ತು, ಅವರೆಲ್ಲರಿಗಿಂತ ಚೆನ್ನಾಗಿ. ಆಮೇಲೆ ತರಗತಿ ಕೈಗೆ ಸಿಗಲಿಲ್ಲ.

‘ಕಾಕ, ಸೌಂಡ್ ಬಂದ್ ಮಾಡಿ’ ಎಂದೆ.

ಕಾಕ ಬಂದ್ ಮಾಡಿದರು. ಕೋಣೆ ತಟ್ಟನೆ ಖಾಲಿಯಾದ ಹಾಗಾಯಿತು. ಆ ಖಾಲಿಯಲ್ಲಿ ನಾನು ಕೇಳಿದೆ: ‘ಈಗ ಹೇಳಿ. ಏನು ಕಾಣ್ತಿದೆ? ಗೊತ್ತಿರೋದು ಬೇಡ, ಕಾಣ್ತಿರೋದು ಮಾತ್ರ.’ ಒಬ್ಬಳು ಒಲೆ ಎಂದಳು. ಇನ್ನೊಬ್ಬ ಎರಡೇ ತಟ್ಟೆ ಎಂದ. ಪಾಠ ನಡೆಯಿತು. ಅದೇ ಪದ್ಧತಿಯಾಯಿತು. ಸೌಂಡ್ ಇಲ್ಲ. ಮಾತು ಬರುವ ಕಡೆ ಕೆಳಗಿನ ಅಕ್ಷರ ಓದಿ ನಾನೇ ಸ್ವರ ಕೊಡುವುದು. ಅಜ್ಜಿಗೆ ನನ್ನಮ್ಮನ ಸ್ವರ, ಹಳ್ಳಿಯ ಮೇಷ್ಟ್ರಿಗೆ ಪ್ರಾಂಶುಪಾಲರದು, ರೈಲ್ವೆ ಕೌಂಟರಿನವನಿಗೆ ಬಸ್ ಚಾಲಕನದು. ಮಕ್ಕಳು ನಕ್ಕರು, ನಕ್ಕು ಬರೆದರು. ಬರೆಯುವ ಹಾಳೆಯಲ್ಲಿ ನಾಲ್ಕು ಪ್ರಶ್ನೆ. ಯಾರು ಹೋದರು, ಯಾರು ಉಳಿದರು? ಹೋಗಲು ಕಾರಣವೇನು? ಮಗಳು ಅಪ್ಪನ ಊರಿನ ಶಾಲೆಗೆ ಯಾಕೆ ಸೇರಲಾಗಲಿಲ್ಲ? ಆ ಮನೆಯಲ್ಲಿ ಹೊಸದಾಗಿ ಬಂದ ವಸ್ತುಗಳು ಯಾವುವು?

ಎರಡನೇ ವಾರ ಒಂದು ದಿನ ಊಟದ ವಿರಾಮದಲ್ಲಿ ಪೆನ್ ಡ್ರೈವ್ ಮರೆತೆನೆಂದು ವಾಪಸು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಕಾಕ ಬಿಳಿ ಬೋರ್ಡಿನ ಎದುರು ನಿಂತಿದ್ದರು. ಕೂದಲು ನೀರು ಹಾಕಿ ಬಾಚಿತ್ತು. ಫೋನನ್ನು ಡೆಸ್ಕಿನ ಮೇಲೆ ಪುಸ್ತಕಕ್ಕೆ ಒರಗಿಸಿ ವಿಡಿಯೋದಲ್ಲಿ ಮಾತಾಡುತ್ತಿದ್ದರು.

‘ಮೊದ್ಲು ಸೌಂಡ್ ಬಂದ್ ಮಾಡ್ಬೇಕು ಮೋಳೆ. ಮತ್ತೆ ಮಕ್ಕಳ ಹತ್ರ ಕೇಳ್ಬೇಕು, ಎಂತ ಕಾಣ್ತದೆ ಅಂತ. ಗೊತ್ತಿರುದು ಬೇಡ, ಕಾಣುದು ಮಾತ್ರ. ಉತ್ತರ ನಾವು ಹೇಳ್ಬಾರ್ದು. ಸ್ವಲ್ಪ ಕಾಯ್ಬೇಕು.’ ಇಲ್ಲಿ ಕಾಕ ಕಾದರು. ನಾನು ಕಾಯುವಷ್ಟೇ ಹೊತ್ತು, ನನ್ನ ಹಾಗೆಯೇ ಎಡಗೈ ಎತ್ತಿ.

ಫೋನಿನೊಳಗಿಂದ ಹುಡುಗಿಯ ಸ್ವರ: ‘ಅವರು ಯಾರೂ ಹೇಳದಿದ್ರೆ ನೀವು ಎಂತ ಮಾಡ್ತೀರಿ ಉಪ್ಪ?’

‘ಹೇಳ್ತಾರೆ. ಒಂಬತ್ತನೇದಕ್ಕೆ ನಾನೇ ತಗೊಳ್ಳುದಲ್ವ, ನಂಗೆ ಗೊತ್ತುಂಟು.’

ಕಾಕನ ಮಗಳು, ಅವರ ಬ್ಯಾರಿಯಲ್ಲಿ ಮೋಳೆ, ಊರಲ್ಲಿ ಬಿ.ಎಡ್. ಓದುತ್ತಿದ್ದಾಳೆಂದು ಗೊತ್ತಿತ್ತು. ಕನ್ನಡ ಮತ್ತು ಸಮಾಜ ಅವಳ ವಿಷಯ. ಕನ್ನಡ ತಿದ್ದಿಕೊಳ್ಳಬೇಕೆಂದು ಈಗ ಮನೆಯಲ್ಲೂ ಬ್ಯಾರಿ ಬಿಟ್ಟು ಕನ್ನಡವನ್ನೇ ಮಾತಾಡಿಸುತ್ತಾಳೆಂದು ಕಾಕ ಹೆಮ್ಮೆಯಿಂದ ದೂರಿದ್ದರು. ಆದರೆ ಅಪ್ಪ ದೋಹಾದಲ್ಲಿ ಟೀಚರ್ ಎಂದು ಅವಳು ತಿಳಿದಿದ್ದಾಳೆಂಬುದು ನನಗೆ ತಿಳಿದದ್ದು ಆ ಬಾಗಿಲಲ್ಲಿ. ನಾನು ಪೆನ್ ಡ್ರೈವ್ ತೆಗೆದುಕೊಳ್ಳದೆ ಹಿಂದೆ ಬಂದೆ. ಮೆಟ್ಟಿಲಲ್ಲಿ ನಗು ತಡೆಯಲಾಗಲಿಲ್ಲ. ಊರನ್ನೆಲ್ಲ ಅಣಕ ಮಾಡುವ ನನ್ನನ್ನು ಇನ್ನೊಬ್ಬರು ಅಣಕ ಮಾಡಿದ್ದರು, ಅದೂ ಚೆನ್ನಾಗಿ. ಆ ಕಾಯುವಿಕೆ, ಆ ಎಡಗೈ. ಇಂಥದ್ದು ಕೈಗೆ ಸಿಕ್ಕರೆ ನನ್ನಂಥವನು ಜೇಬಿನಲ್ಲಿಟ್ಟುಕೊಂಡು ಸುಮ್ಮನಿರುವುದಿಲ್ಲ.

ಮರುದಿನ ‘ಬಿ’ ವಿಭಾಗಕ್ಕೆ ಎರಡನೇ ತುಂಡು. ಅದರಲ್ಲಿ ಅಪ್ಪ ಕಟ್ಟಡದ ಕೆಲಸದ ನಡುವೆ ಮಗಳಿಗೆ ವಿಡಿಯೋ ಕಾಲ್ ಮಾಡುತ್ತಾನೆ. ಕೆಳಗಿನ ಅಕ್ಷರದಲ್ಲಿ ಅವನು ಹೇಳುವುದು: ನಾನು ಆಫೀಸಿನಲ್ಲಿದ್ದೇನೆ, ಇಲ್ಲಿ ತಂಪಾಗಿದೆ, ನನ್ನ ಕುರ್ಚಿ ತಿರುಗುತ್ತದೆ. ನಾನು ಅದನ್ನು ಓದಲಿಲ್ಲ. ಎಡಗೈ ಎತ್ತಿದೆ.

‘ಹಾಂ ಮೋಳೆ! ಉಪ್ಪ ಕ್ಲಾಸಿನಲ್ಲಿ ಉಂಟು! ಒಂಬತ್ತನೇದಕ್ಕೆ ನಾನೇ ತಗೊಳ್ಳುದಲ್ವ! ಮಕ್ಕಳೆಲ್ಲ ನನ್ನನ್ನು ಕಂಡ್ರೆ ಹೆದರ್ತಾರೆ! ಶೂಸ್ ಔಟ್! ಕಾರ್ಪೆಟ್ ಉಂಟು!’

ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಅರ್ಧ ತರಗತಿಗೆ ಕನ್ನಡ ಬಾರದು. ಆದರೆ ಆ ಸ್ವರ ಯಾರದೆಂದು ಎಲ್ಲರಿಗೂ ಗೊತ್ತು. ಡೆಸ್ಕು ಬಡಿದು ನಕ್ಕರು. ನಾನೂ ನಕ್ಕೆ. ಆ ಗಲಾಟೆಯಲ್ಲಿ ನಿಲ್ಲಿಸುವ ನಿಮಿಷವನ್ನು ನಾನು ಮರೆತಿದ್ದೆ. ಆದರೆ ಚೀಟಿಯಲ್ಲಿ ಬರೆದಿದ್ದ ಸೆಕೆಂಡಿಗೆ ಸರಿಯಾಗಿ ಚಿತ್ರ ನಿಂತಿತು. ಕಾಕ ಒತ್ತಿದ್ದರು. ಮುಖದ ಮೇಲೆ ಪರದೆಯ ನೀಲಿ ಬೆಳಕು ಬಿದ್ದಿತ್ತು. ರಿಮೋಟನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡರು.

ಗಂಟೆ ಹೊಡೆದ ಮೇಲೆ ಅವರು ಬಲ್ಬು ತಣಿಯುವುದನ್ನು ಕಾಯುತ್ತ ಕೇಬಲ್ ಸುತ್ತುತ್ತಿದ್ದರು. ‘ನಾಳೆ ಕೂಡ ಇದೇ ತುಂಡಾ ಸಾರ್?’ ಎಂದರು.

‘ಹೌದು ಕಾಕ.’

‘ಆಯ್ತು.’

ಅಷ್ಟೇ. ಅವರ ಮುಖದಲ್ಲಿ ಏನಾದರೂ ಇತ್ತೇ ಎಂದು ನಾನು ನೋಡಲಿಲ್ಲ. ಕಾಣುವುದನ್ನು ಮಾತ್ರ ಹೇಳಿ ಎಂದು ಮಕ್ಕಳಿಗೆ ಕಲಿಸುವವನು.

ಆ ತರಗತಿಯ ಲೀಡರ್ ಹುಡುಗಿ ಗುಂಪಿನ ಪ್ರಾಜೆಕ್ಟಿಗೆಂದು ಶಾಲೆಯ ಟ್ಯಾಬ್ಲೆಟ್ಟಿನಲ್ಲಿ ಪಾಠವನ್ನು ವಿಡಿಯೋ ಮಾಡಿಕೊಳ್ಳುತ್ತಿದ್ದಳು. ಅನುಮತಿ ಕೊಟ್ಟವನು ನಾನೇ. ಅವಳ ತಂದೆ ಪುತ್ತೂರಿನವರು. ಅಪ್ಪನಿಗೆ ಖುಷಿಯಾಗಲೆಂದು ಅರ್ಧ ನಿಮಿಷದ ತುಂಡು ಕಳಿಸಿದಳು. ಅಪ್ಪ ಅದನ್ನು ಊರಿನ ಗ್ರೂಪಿಗೆ ಹಾಕಿದರು: ದೋಹಾದ ಶಾಲೆಯಲ್ಲಿ ನಮ್ಮ ಭಾಷೆ, ಜೊತೆಗೆ ಮೂರು ನಗುವ ಮುಖ. ಕರಾವಳಿಯವರಿಗೆ ಮನೆಗೊಂದು, ಮಸೀದಿಗೊಂದು, ಕಲಿತ ಶಾಲೆಗೊಂದು, ಕ್ರಿಕೆಟ್ ಟೀಮಿಗೊಂದು ಗ್ರೂಪು. ಮೂರನೇ ದಿನ ಅದು ಮೈಸೂರಿನ ನನ್ನ ಗೆಳೆಯನಿಂದ ನನಗೇ ಬಂತು. ‘ಸೂಪರ್ ಮಗಾ!’ ಎಂದು ಬರೆದಿದ್ದ. ಬಿನ್ ಒಮ್ರಾನಿನ ನನ್ನ ಕೋಣೆಯಲ್ಲಿ ಕೂತು ಅದನ್ನು ಆರು ಸಲ ನೋಡಿದೆ. ಸ್ವರ ಎಲ್ಲಿ ಇನ್ನೂ ಸರಿಯಾಗಬಹುದಿತ್ತೆಂದು ಯೋಚಿಸಿದೆ. ಚಿತ್ರದ ಬಲಗಡೆ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ, ಅದರಲ್ಲಿ ರಿಮೋಟು ಹಿಡಿದ ಕಾಕ ಇದ್ದರು. ಏಳನೇ ಸಲ ನೋಡುವಾಗ ಅದು ಕಂಡಿತು.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಶಾಲೆ ತೆರೆದಾಗ ಮಕ್ಕಳು ಶೂ ಹಾಕಿಕೊಂಡೇ ಕಾರ್ಪೆಟ್ ತುಳಿದು ಒಳಗೆ ಬಂದರು. ಯಾರೂ ಕೂಗಲಿಲ್ಲ. ಕಾಕ ಪರದೆ ಇಳಿಸುತ್ತಿದ್ದರು.

ಗಂಟೆಯ ನಂತರ ನಾನೇ ಹೋದೆ. ‘ಕಾಕ, ಆ ವಿಡಿಯೋ…’

‘ಬಂತು ಸಾರ್. ಊರಲ್ಲಿ ಎಲ್ಲರಿಗೂ ಬಂದುಂಟು.’ ಕೇಬಲ್ಲನ್ನು ಮೊಣಕೈಗೆ ಸುತ್ತುತ್ತಲೇ ಹೇಳಿದರು. ‘ಮಗಳು ಫೋನ್ ಎತ್ತುದಿಲ್ಲ.’

ಆಮೇಲೆ ಉಳಿದದ್ದನ್ನೂ ಹೇಳಿದರು, ಬೇರೆ ಯಾರದೋ ಮನೆಯ ವಿಷಯದ ಹಾಗೆ. ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕೆಲಸ ಏನೆಂದು ಶಾಲೆಯಲ್ಲಿ ಬರೆಸಿದ್ದರು. ಶಾಲೆಯಲ್ಲಿ ಕೆಲಸ ಎಂದು ಕಾಕ ಹೇಳಿದ್ದರು. ಅವಳು ಟೀಚರ್ ಎಂದು ಬರೆದಳು. ಕಾಕ ತಿದ್ದಲಿಲ್ಲ. ಆಮೇಲೆ ತಿದ್ದಲು ಯಾವತ್ತೂ ಸರಿಯಾದ ದಿನ ಸಿಗಲಿಲ್ಲ. ಅವಳು ಬಿ.ಎಡ್. ಸೇರಿದ್ದೂ ಉಪ್ಪನ ಹಾಗೆ ಆಗಬೇಕೆಂದು. ಪ್ರತಿಯೊಂದು ಪಾಠವನ್ನೂ ಮೊದಲು ಅಪ್ಪನಿಗೆ ಓದಿ ಹೇಳಿ, ಅಪ್ಪ ಹೇಳಿದ ಹಾಗೆ ತಿದ್ದಿಕೊಂಡು ಮಾಡುತ್ತಿದ್ದಳು. ಇನ್ನು ಉಳಿದದ್ದು ಪರೀಕ್ಷಕರ ಎದುರು ಮಾಡುವ ಅಂತಿಮ ಪಾಠ. ಅದಕ್ಕೆ ಹನ್ನೊಂದು ದಿನವಿತ್ತು.

‘ಅವಳ ಉಮ್ಮ ಹೇಳುದು, ಪುಸ್ತಕ ಮುಚ್ಚಿ ಇಟ್ಟಿದ್ದಾಳಂತೆ. ಪಾಠ ಮಾಡುದಿಲ್ಲ ಹೇಳ್ತಾಳಂತೆ. ನಂಗೆ ಕಲ್ಸಿದವ್ರೇ ಟೀಚರಲ್ಲ, ನಾನು ಎಂತ ಟೀಚರ್ ಅಂತ.’

‘ಸಾರಿ ಕಾಕ’ ಎಂದೆ. ನನಗೇ ಅದು ಫೋನ್ ಕಂಪನಿಯವರು ಹೇಳಿದ ಹಾಗೆ ಕೇಳಿಸಿತು.

‘ನೀವು ಎಂತ ಸುಳ್ಳು ಹೇಳ್ಲಿಲ್ಲ ಸಾರ್. ಸ್ವರ ನಂದು, ಮಾತೂ ನಂದು. ಹೇಳಿದ ಜಾಗ ಮಾತ್ರ ನಿಮ್ಮದು.’

ಬಲ್ಬು ತಣಿಯಿತು. ಅವರು ಸ್ವಿಚ್ಚು ಆರಿಸಿದರು.

ಆ ವಾರ ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಮೇಡಂ ಬಳಿ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ, ಒಂದು ಫಾರಂ ಕೊಟ್ಟರು. ಘಟನೆಯನ್ನು ನಿಮ್ಮ ಸ್ವಂತ ಮಾತುಗಳಲ್ಲಿ ವಿವರಿಸಿ ಎಂದಿತ್ತು. ಒಂಬತ್ತು ಸಾಲಿನ ಜಾಗ. ಲೀಡರ್ ಹುಡುಗಿ ಅತ್ತು ಅಪ್ಪನಿಂದ ವಿಡಿಯೋ ಅಳಿಸಿ ಹಾಕಿಸಿದಳು. ಅಳಿಸಿದ್ದು ಒಂದು ಗ್ರೂಪಿನಿಂದ. ಕಾಕನ ಮಗಳಿಗೆ ಧ್ವನಿ ಸಂದೇಶ ಕಳಿಸೋಣವೆಂದು ಕೋಣೆಯಲ್ಲಿ ಕೂತು ರೆಕಾರ್ಡ್ ಮಾಡಿದೆ. ಮೊದಲನೆಯದು ಪ್ರಾಂಶುಪಾಲರ ಹಾಗಿತ್ತು. ಎರಡನೆಯದು ರೇಡಿಯೋ ವಾರ್ತೆ. ಮೂರನೆಯದರಲ್ಲಿ ಅಳುವವನ ಸ್ವರ ಬಂತು, ಅದೂ ಎಲ್ಲೋ ಕೇಳಿದ ಅಳು. ನನಗೆ ಅಳು ಬಂದಿರಲಿಲ್ಲ. ಕೋಪವಾಗಲಿ ನಾಚಿಕೆಯಾಗಲಿ ಇರಲಿಲ್ಲ. ಎ.ಸಿ. ಗಾಳಿ ನೇರ ಕುತ್ತಿಗೆಗೆ ಬಡಿಯುತ್ತಿತ್ತು, ಕುತ್ತಿಗೆಗೂ ಅದು ಗೊತ್ತಾಗುತ್ತಿರಲಿಲ್ಲ. ಒಂಬತ್ತು ಸಲ ರೆಕಾರ್ಡ್ ಮಾಡಿ ಒಂಬತ್ತನ್ನೂ ಅಳಿಸಿದೆ.

ಶುಕ್ರವಾರ ಕಾಕನ ಜೊತೆ ದೇಶದ ಉತ್ತರ ತುದಿಯ ಅಲ್ ಶಮಾಲಿಗೆ ಹೋದೆ. ಅಲ್ಲಿ ಅವರ ಹೆಂಡತಿಯ ತಮ್ಮನ ದಿನಸಿ ಅಂಗಡಿ. ಬೇರೆ ನಂಬರಿನಿಂದ ಮಾಡಿದರೆ ಎತ್ತಬಹುದೆಂದು ಅವರ ಅಂದಾಜು. ನನ್ನನ್ನು ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಆ ಭಾವಮೈದನ ಪಿಕಪ್ಪಿನಲ್ಲಿ ನಾನು ಈರುಳ್ಳಿ ಚೀಲದ ಪಕ್ಕ ಕಾಲು ಮಡಚಿ ಕೂತಿದ್ದೆ. ಉಮ್ಮ್ ಸಲಾಲ್ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಒಂದೇ ಬಣ್ಣ. ಮಾತಾಡಿದ್ದು ಭಾವಮೈದ ಒಬ್ಬರೇ.

‘ಎಂತ ಭಾವ ನಿಮ್ದು! ಟೀಚರಲ್ಲದಿದ್ರೆ ಎಂತಾಯ್ತು? ನಾನು ಮನೇಲಿ ಮ್ಯಾನೇಜರ್ ಹೇಳಿದ್ದೇನೆ. ಅಂಗಡಿಯಲ್ಲಿ ಇರುದು ನಾನೊಬ್ಬನೇ, ನನ್ನನ್ನು ನಾನೇ ಮ್ಯಾನೇಜ್ ಮಾಡುದು!’

ಕಾಕ ನಗಲಿಲ್ಲ. ಇನ್ನೊಂದು ದಿನವಾಗಿದ್ದರೆ ಆ ಭಾವಮೈದನನ್ನು ನಾನು ಆಗಲೇ ಕದ್ದಿಟ್ಟುಕೊಳ್ಳುತ್ತಿದ್ದೆ.

ಅಂಗಡಿಯಲ್ಲಿ ಅಕ್ಕಿ ಚೀಲಗಳ ನಡುವೆ ನಿಂತು ಕಾಕ ಭಾವಮೈದನ ಫೋನಿನಿಂದ ಕರೆ ಮಾಡಿದರು. ಎತ್ತಿದಳು. ‘ಹಲೋ ಮಾಮ’ ಎಂದಳು.

‘ಮೋಳೆ, ಊಟ ಆಯ್ತಾ…’

ಕಟ್ಟಾಯಿತು. ಕಾಕ ಫೋನನ್ನು ಅಂಗಿಗೆ ಒರೆಸಿ ಭಾವಮೈದನಿಗೆ ಕೊಟ್ಟರು. ‘ಸಾರಿಗೆ ಒಂದು ಜ್ಯೂಸ್ ಕೊಡು’ ಎಂದರು. ಮಾವಿನ ಜ್ಯೂಸು. ಕುಡಿದೆ.

ಶನಿವಾರ ಮೇಡಂ ಫೋನ್ ಮಾಡಿದರು. ‘ನೋಡಿ, ಸಿ ಸೆಕ್ಷನ್ ಬಾಕಿ ಇದೆ. ಒಂದೋ ಸಿನಿಮಾ ಬಿಟ್ಟು ಪುಸ್ತಕದಿಂದ ಮಾಡಿ, ಇಲ್ಲ ಹೊಸ ಲೆಸನ್ ಪ್ಲಾನ್ ಕೊಡಿ. ನಿಮ್ಮ ಡ್ರಾಮಾ ಇರೋ ಹಾಗಿಲ್ಲ.’

ಪುಸ್ತಕದಿಂದ ಮಾಡುವುದು ಸುಲಭವಿತ್ತು. ಎರಡು ಪುಟ, ಒಂದು ಗ್ರಾಫು. ಭಾನುವಾರ ಮಧ್ಯಾಹ್ನ ಪ್ರೊಜೆಕ್ಟರ್ ಕೋಣೆಗೆ ಹೋಗಿ, ಸಿನಿಮಾ ಬೇಡವೆಂದು ಹೇಳಲು ಬಾಯಿ ತೆರೆದೆ. ಕಾಕ ಟ್ರಾಲಿಯ ಚೀಟಿ ನೋಡುತ್ತಿದ್ದರು.

‘ಸಾರ್, ಇಲ್ಲಿ ನೀವು ನಿಲ್ಸುದು ತಪ್ಪು ಜಾಗದಲ್ಲಿ.’

‘ಯಾವುದು?’

‘ಅವನು ಫೋನ್ ಮಾಡುದು. ನೀವು ಮಾತು ಮುಗಿದ ಮೇಲೆ ನಿಲ್ಸುದು. ಮಾತು ಶುರುವಾಗುವ ಮೊದ್ಲು ನಿಲ್ಸಬೇಕು.’

ಪ್ರೊಜೆಕ್ಟರ್ ಹಾಕಿದರು. ಸೌಂಡ್ ಇಲ್ಲದೆ ಆ ಜಾಗಕ್ಕೆ ತಂದರು. ಈ ಸಿನಿಮಾವನ್ನು ನಾನು ಪಾಠಕ್ಕೆಂದು ನೋಡಿದ್ದೆ. ಕಾಕ ಎರಡು ವಿಭಾಗಗಳ ಜೊತೆಗೂ ಕೂತು ನೋಡಿದ್ದರು, ಯಾರೂ ಇಲ್ಲದಾಗ ಒಬ್ಬರೇ ನೋಡಿದ್ದರು. ಎದ್ದು ಹೋಗಿ ಪರದೆಯ ಮೇಲೆ ಬೆರಳಿಟ್ಟರು. ಬೆರಳಿನ ಮೇಲೆ ಚೀನಾದ ಬೆಳಕು ಬಿತ್ತು.

‘ಇಲ್ಲಿ ನೋಡಿ. ಹೆಲ್ಮೆಟ್ ತೆಗ್ದ. ನಲ್ಲಿಗೆ ಹೋಗಿ ತಲೆ ಒದ್ದೆ ಮಾಡಿದ. ಬಾಚಿದ. ಮೊದ್ಲು ಈ ಬದಿ ನಿಂತ, ಹಿಂದೆ ಸಿಮೆಂಟು ಕಲಸುದು ಕಾಣ್ತದೆ. ಮತ್ತೆ ಆ ಬದಿ ಹೋದ, ಅಲ್ಲಿ ಒಗ್ದ ಬಟ್ಟೆ ನೇತುಂಟು. ಕೊನೆಗೆ ಈ ಗಾಜಿನ ಹತ್ರ ಬಂದ. ಗಾಜು ಮಾತ್ರ ಮುಗ್ದುಂಟು, ಒಳಗೆ ಎಂತ ಇಲ್ಲ. ಇಲ್ಲಿ ನಿಂತ್ರೆ ಆಫೀಸಿನ ಹಾಗೆ ಕಾಣ್ತದೆ.’ ರಿಮೋಟು ಒತ್ತಿ ನಿಲ್ಲಿಸಿದರು. ‘ಆದ್ರೆ ಹಣೆಯಲ್ಲಿ ಹೆಲ್ಮೆಟಿನ ಗೆರೆ ಉಂಟು. ಅದು ನೀರಿಗೆ ಹೋಗುದಿಲ್ಲ. ಮಗಳು ನೋಡಿರ್ತಾಳೆ.’

ಅವರ ಹಿಂದೆ ಬಿಳಿ ಬೋರ್ಡು. ಅವರು ಯಾವಾಗಲೂ ನಿಂತು ಮಾತಾಡುತ್ತಿದ್ದ ಬೋರ್ಡು.

‘ಇದನ್ನ ಮಕ್ಕಳಿಗೆ ಕೇಳೋದಾದ್ರೆ ಹೇಗೆ ಕೇಳ್ತೀರಿ ಕಾಕ?’

ಅವರು ಕಾದರು. ಎಡಗೈ ಎತ್ತಲಿಲ್ಲ.

‘ಎಂತ ಕಾಣದ ಹಾಗೆ ನಿಂತಿದ್ದಾನೆ, ಅಂತ ಕೇಳ್ಬೇಕು.’

ಅಲ್ಲೇ ಕೂತು ಹೊಸ ಲೆಸನ್ ಪ್ಲಾನ್ ಬರೆದೆ. ಪುಸ್ತಕದಿಂದ ಮಾಡುವ ಯೋಚನೆ ಬಿಟ್ಟೆ. ನಿಲ್ಲಿಸುವ ಜಾಗ ಬದಲಿಸಿದೆ. ನಾನು ಸ್ವರ ಕೊಡುವುದಿಲ್ಲ ಎಂದು ಬರೆದೆ. ನಾಲ್ಕು ಪ್ರಶ್ನೆಯ ಕೆಳಗೆ ಐದನೆಯದು: ಮಗಳಿಗೆ ಫೋನ್ ಮಾಡುವಾಗ ಅಪ್ಪ ಎಲ್ಲಿ ನಿಂತಿದ್ದಾನೆ? ಏನು ಕಾಣದ ಹಾಗೆ ನಿಂತಿದ್ದಾನೆ? ಹಾಳೆಯ ಕೊನೆಗೆ ಸಿದ್ಧಪಡಿಸಿದವರು ಎಂಬ ಮನೆಯಿದೆ. ಅದರಲ್ಲಿ ನನ್ನ ಹೆಸರು ಬರೆದೆ. ಅದರ ಕೆಳಗೆ ಕಾಕನ ಪೂರ್ತಿ ಹೆಸರನ್ನೂ ಅವರ ಕೆಲಸವನ್ನೂ ಬರೆದೆ: ಪ್ರೊಜೆಕ್ಟರ್ ಸಹಾಯಕರು, ಐದನೇ ಪ್ರಶ್ನೆ.

ಮೇಡಂ ಹಾಳೆ ನೋಡಿ ಕನ್ನಡಕ ತೆಗೆದರು. ‘ನಾನ್-ಟೀಚಿಂಗ್ ಸ್ಟಾಫ್ ಹೆಸರು ಹೇಗ್ರೀ ಹಾಕೋಕಾಗತ್ತೆ?’

‘ಪ್ರಶ್ನೆ ಅವರದು ಮೇಡಂ.’

‘ಅದೆಲ್ಲ ಸರಿ…’ ಎಂದು ಐದನೆಯದನ್ನು ಓದಿದರು. ಪೆನ್ನು ಹಿಡಿದುಕೊಂಡೇ ಇದ್ದರು. ‘ನಮ್ಮನೇಲೂ ಅಷ್ಟೇ. ಅಮ್ಮಂಗೆ ಕಾಲ್ ಮಾಡೋಕೆ ಮುಂಚೆ ಸೋಫಾ ಮೇಲಿನ ಬಟ್ಟೆ ಎಲ್ಲ ತೆಗೆದು ಒಳಗೆ ಎಸೀತೀನಿ.’ ಸಹಿ ಹಾಕಿದರು. ‘ಇದು ಚೀನಾ ಬಗ್ಗೆ ತಾನೇ?’

‘ಚೀನಾ ಬಗ್ಗೇನೇ ಮೇಡಂ.’

ಸಹಿ ಬಿದ್ದ ಹಾಳೆಯನ್ನು ಕಾಕನಿಗೆ ಕೊಟ್ಟೆ. ಅವರು ಕೈ ತೊಳೆದು ಬಂದು ತೆಗೆದುಕೊಂಡರು. ಡೆಸ್ಕಿನ ಮೇಲೆ ಹರಡಿ ಫೋನಿನಲ್ಲಿ ಫೋಟೋ ತೆಗೆದರು. ನೆರಳು ಬಿತ್ತೆಂದು ಇನ್ನೊಮ್ಮೆ ತೆಗೆದರು. ಮಗಳಿಗೆ ಕಳಿಸಿದರು.

‘ಜೊತೆಗೆ ಏನಾದ್ರೂ ಬರೀರಿ ಕಾಕ’ ಎಂದೆ.

‘ಬೇಡ. ಓದ್ಲಿಕ್ಕೆ ಬರ್ತದಲ್ಲ ಅವಳಿಗೆ.’

ಸೋಮವಾರ ಏನೂ ಆಗಲಿಲ್ಲ. ಮಂಗಳವಾರವೂ ಇಲ್ಲ. ಫೋಟೋ ನೋಡಿದ್ದಾಳೆಂದು ನೀಲಿ ಗುರುತು ತೋರಿಸುತ್ತಿತ್ತು, ಅಷ್ಟೇ. ಅವಳ ಪಾಠಕ್ಕೆ ಎರಡೇ ದಿನ ಉಳಿಯಿತು.

ಬುಧವಾರ ಮೂರನೇ ಪೀರಿಯಡ್ ‘ಸಿ’ ವಿಭಾಗದ್ದು, ಹೊಸ ಪ್ಲಾನಿನಂತೆ ನೇರ ಎರಡನೇ ತುಂಡಿನಿಂದಲೇ ಶುರು. ನಾನು ಹತ್ತು ನಿಮಿಷ ಮೊದಲೇ ಬಂದು ಹಾಳೆ ಹಂಚುತ್ತಿದ್ದೆ. ಕಾಕ ಟ್ರಾಲಿಯ ಪಕ್ಕ ಕೂತು ಕೇಬಲ್ಲಿನ ತುದಿ ಒರೆಸುತ್ತಿದ್ದರು. ಡೆಸ್ಕಿನ ಮೇಲಿಟ್ಟ ಫೋನು ಅಲುಗಿತು. ವಿಡಿಯೋ ಕಾಲ್.

ಅವರು ಫೋನನ್ನು ನೋಡಿದರು. ಬೋರ್ಡನ್ನೂ ನೋಡಿದರು. ಕುರ್ಚಿಯಿಂದ ಏಳಲಿಲ್ಲ. ಕೇಬಲ್ಲು ಕೈಯಲ್ಲಿರುವಂತೆಯೇ ಬೆರಳಲ್ಲಿ ಒತ್ತಿದರು. ನಾನು ಹೊರಗೆ ಹೋಗಲೇ ಎಂದು ಸನ್ನೆ ಮಾಡಿದೆ. ಅವರು ನನ್ನ ಕಡೆ ತಿರುಗಲಿಲ್ಲ.

ಅವಳು ಹಲೋ ಎನ್ನಲಿ‌ಲ್ಲ. ‘ಉಪ್ಪ, ಆ ಹಾಳೆಯಲ್ಲಿ ನಿಮ್ಮದು ಯಾವುದು?’

‘ಐದನೇದು.’

‘ಬಾಕಿ ನಾಲ್ಕು?’

‘ಅದು ಸಾರಿಂದು. ಐದನೇದು ಮಾತ್ರ ನಂದು.’

‘ಸೌಂಡ್ ಬಂದ್ ಮಾಡ್ಬೇಕು ಅಂತ ಹೇಳಿದ್ದು?’

‘ಅದೂ ಸಾರಿಂದು. ಕಾಯ್ಬೇಕು ಅಂದದ್ದೂ ಅವರದ್ದೇ.’

ಆ ಕಡೆ ಕೋಳಿಯೊಂದು ಕೂಗುತ್ತಿತ್ತು. ಕಾಕ ಕೇಬಲ್ಲಿನ ತುದಿಯನ್ನು ಒರೆಸಿದ್ದನ್ನೇ ಒರೆಸುತ್ತಿದ್ದರು. ಅವರ ಹಿಂದೆ ಟ್ರಾಲಿ, ಸುತ್ತಿಟ್ಟ ವೈರುಗಳು, ಪೊರಕೆ, ಬಾಲ್ದಿ. ಅದೆಲ್ಲ ಅವಳಿಗೆ ಕಾಣುತ್ತಿದ್ದಿರಬೇಕು.

‘ಐದನೇದಕ್ಕೆ ಉತ್ತರ ನಂಗೆ ಗೊತ್ತುಂಟು ಉಪ್ಪ’ ಎಂದಳು.

ಕಾಕ ಕೇಬಲ್ಲನ್ನು ಕೆಳಗಿಟ್ಟರು.

‘ಒಂದು ಸಲ ನೀವು ಮಾತಾಡುವಾಗ ಯಾರೋ ಬಾಗಿಲಲ್ಲಿ, ಕಾಕ, ಚಾ ಆಗ್ಲಿಲ್ವಾ, ಅಂತ ಕೇಳಿದ್ರು. ನೀವು ಫೋನ್ ಕೆಳಗೆ ಮಾಡಿದ್ರಿ. ಯಾರಿಗೂ ಹೇಳ್ಲಿಲ್ಲ ನಾನು. ಆದ್ರೆ ಈಗ ಊರಿಡೀ ನಗ್ತಾ ಉಂಟು.’ ಆಮೇಲೆ ಕೇಳಿದಳು: ‘ಆ ಪ್ರಶ್ನೆ ನಾನು ನನ್ನ ಪಾಠದಲ್ಲಿ ತಗೊಳ್ಳಾ? ನಾಳೆ?’

‘ತಗೊ.’

‘ಯಾರದ್ದು ಅಂತ ಕೇಳಿದ್ರೆ ಪ್ರೊಜೆಕ್ಟರಿನವರದ್ದು ಹೇಳ್ತೇನೆ.’

‘ಹೇಳು.’

‘ಊಟ ಆಯ್ತಾ?’

‘ಇಲ್ಲಿ ಈಗ ಒಂಬತ್ತೂವರೆ ಮೋಳೆ. ಚಾ ಆಯ್ತು.’

ಹೊರಗೆ ‘ಸಿ’ ವಿಭಾಗದ ಗದ್ದಲ ಕೇಳಿಸಿತು. ಕಾಕ ಫೋನಿಟ್ಟು ಎದ್ದರು. ಮುಖ ಒರೆಸಿಕೊಳ್ಳಲೂ ಇಲ್ಲ, ಒರೆಸುವಂಥದ್ದೇನೂ ಅಲ್ಲಿರಲೂ ಇಲ್ಲ. ಬಾಗಿಲಿಗೆ ಹೋಗಿ ನಿಂತರು.

‘ಶೂಸ್ ಔಟ್! ಶೂಸ್ ಔಟ್! ಕಾರ್ಪೆಟ್ ಉಂಟು!’

ಮಕ್ಕಳು ಕೂತರು. ದೀಪ ಆರಿತು. ಕಾಕ ರಿಮೋಟು ಹಿಡಿದು ನನ್ನತ್ತ ನೋಡಿದರು.

‘ಸಾರ್, ಸೌಂಡ್ ಬೇಕಾ, ಬೇಡ್ವಾ?’

‘ಹಾಕಿ ಕಾಕ.’

ಹಿಂದಿನ ಸಾಲಿನಲ್ಲಿ ಒಬ್ಬ ಚಿಂಗ್ ಎಂದ. ನಾನು ಏನೂ ಅನ್ನಲಿಲ್ಲ. ಜೊತೆಗೆ ಯಾರೂ ಸೇರದೆ ಅದು ಅಲ್ಲೇ ನಿಂತಿತು. ಹೊಸ ಜಾಗದಲ್ಲಿ ಕಾಕ ಚಿತ್ರ ನಿಲ್ಲಿಸಿದರು, ಮಕ್ಕಳು ಬರೆದರು, ಕಾಕ ಮತ್ತೆ ಬಿಟ್ಟರು. ಗಾಜಿನ ಮುಂದೆ ನಿಂತ ಅಪ್ಪ ಮಾತಾಡಿದ. ಎರಡು ವಾರ ಆ ಮನುಷ್ಯನಿಗೆ ಸ್ವರ ಕೊಟ್ಟವನು ನಾನು. ಅವನದೇ ಸ್ವರವನ್ನು ನಾನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು. ನಾನು ಮಾಡುತ್ತಿದ್ದಷ್ಟು ದಪ್ಪವಿರಲಿಲ್ಲ.